ಆಯಿಯ ಹಾಡು ಎಲ್ಲಿಡೋಣ?

ತಿಕೋಟಾದಲ್ಲಿರುವ ನನ್ನ ತಂಗಿಯ ಮಗ ಒಂಬತ್ತನೇ ತರಗತಿ. ಕಳೆದ ದೀಪಾವಳಿ ರಜೆಯಲ್ಲಿ ಬಬಲೇಶ್ವರಕ್ಕೆ ಹೋಗಿ ಒಂದು ಒಳ್ಳೆಯ ಕೆಲಸ ಮಾಡಿದ. ಅವನ ಆಯಿ, ಅಂದರೆ ನನ್ನ ಅವ್ವ, ಹಿಂದೆ ಬೀಸುವಾಗ ಕುಟ್ಟುವಾಗ ಹೇಳುತ್ತಿದ್ದ ಹಾಡುಗಳನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡ. ಒಟ್ಟು 17 ಹಾಡು. ಬೀಸುಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಗಿದ್ದರೂ ಹಾಡು ಮಾತ್ರ ಅವ್ವನ ಬಾಯಲ್ಲಿತ್ತು.

ಪುಣೆ, ಬೆಂಗಳೂರಿನಲ್ಲಿರುವ ನಮ್ಮ ಮಂದಿಯೆಲ್ಲ ಕೇಳಲಿ ಎಂದು ಅವನು ಈ ಹಾಡುಗಳಿಗೊಂದು ವೆಬ್‌ಸೈಟ್ ಮಾಡಬೇಕೆಂದಿದ್ದ. ವಿಜಯಪುರದ ನಮ್ಮ ಮನೆಗೆ ಬಂದಾಗ ಕೇಳಿದ: “ಮಾಮಾ, ಕಂಪನಿಗೆ ವರ್ಷಾ ವರ್ಷಾ ರೊಕ್ಕಾ ಯಾಕ ಕಟ್ಟಬೇಕು? ಹಳೀ ಲ್ಯಾಪ್‌ಟಾಪ್ ಮನ್ಯಾಗ ಸುಮ್ನ ಕುಂತೈತಿ. ಅದರಾಗ ಇಟ್ರ ಆಗೂದಿಲ್ಲೇನ್ರಿ?”

ಆಗುತ್ತದೆ. ವೆಬ್‌ಸೈಟ್ ಎಂದರೆ ಯಾವುದೋ ಕಂಪ್ಯೂಟರಿನಲ್ಲಿ ಇಟ್ಟ ಕೆಲವು ಕಡತಗಳು, ಅಷ್ಟೇ. ನೀವು ಫೋನಿನಲ್ಲಿ ಅದರ ಹೆಸರು ಹೊಡೆದರೆ ಆ ಕಂಪ್ಯೂಟರಿಗೆ ಕೋರಿಕೆ ಹೋಗುತ್ತದೆ, ಅದು ಕಡತವನ್ನು ಕಳಿಸಿಕೊಡುತ್ತದೆ. ಹೀಗೆ ಕೇಳಿದವರಿಗೆ ಬಡಿಸುವ ಕಂಪ್ಯೂಟರೇ ಸರ್ವರ್. ಅದು ದೊಡ್ಡ ಕಂಪನಿಯ ಕಟ್ಟಡದಲ್ಲೇ ಇರಬೇಕೆಂದಿಲ್ಲ. ಜಗತ್ತಿನ ಮೊದಲ ವೆಬ್‌ಸೈಟ್ ಇದ್ದದ್ದು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ, ಟಿಮ್ ಬರ್ನರ್ಸ್-ಲೀ ಎಂಬುವರ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. 1991ರಲ್ಲಿ ಅವರು ಅದನ್ನು ಲೋಕಕ್ಕೆ ತೆರೆದರು. ಆ ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿದ್ದರು. ಇದು ಸರ್ವರ್, ಯಾರೂ ಆರಿಸಬೇಡಿ ಎಂದು ಅದರಲ್ಲಿ ಕೈಯಿಂದ ಬರೆದಿತ್ತು.

ಆ ಚೀಟಿಯಲ್ಲೇ ಅರ್ಧ ಉತ್ತರ ಇದೆ. ಸರ್ವರ್ ಆರಬಾರದು. ತಿಕೋಟಾದ ಬೇಸಿಗೆಯಲ್ಲಿ ಕರೆಂಟು ಯಾರ ಚೀಟಿಯನ್ನೂ ಓದುವುದಿಲ್ಲ!

ನಾನು ಅವನಿಗೆ ತಿರುಗಿ ಕೇಳಿದೆ: “ನಿಮ್ಮಪ್ಪ ಒಣದ್ರಾಕ್ಷಿ ಮನ್ಯಾಗ ಇಡೂದು ಬಿಟ್ಟು ಕೋಲ್ಡ್ ಸ್ಟೋರೇಜಿಗೆ ಬಾಡಿಗಿ ಯಾಕ ಕೊಡ್ತಾನು?”

“ಬ್ಯಾಸಗ್ಯಾಗ ಮನ್ಯಾಗಿಟ್ರ ಬಣ್ಣಾ ಕೆಡ್ತೈತ್ರಿ. ರೇಟು ಬರೂದಿಲ್ಲ.”

ಹೋಸ್ಟಿಂಗ್ ಕಂಪನಿಯ ಬಾಡಿಗೆಯೂ ಅಂಥದ್ದೇ. ಅವರ ಕಡೆ ಜನರೇಟರ್ ಇರುತ್ತದೆ, ಯಂತ್ರ ಕಾಯದಂತೆ ತಂಪು ಇರುತ್ತದೆ, ನೂರು ಜನ ಒಟ್ಟಿಗೆ ಕೇಳಿದರೂ ತಡೆಯುವ ಅಗಲವಾದ ದಾರಿ ಇರುತ್ತದೆ, ಕಳ್ಳರನ್ನು ಕಾಯುವವರು ಇರುತ್ತಾರೆ. ಮನೆಯಲ್ಲಿ ಇಟ್ಟರೆ ಇವೆಲ್ಲ ನಮ್ಮ ತಲೆಯ ಮೇಲೆ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹಳೆಯ ಲ್ಯಾಪ್‌ಟಾಪ್ 25 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ಹಗಲು ರಾತ್ರಿ ನಡೆದರೆ ತಿಂಗಳಿಗೆ 18 ಯೂನಿಟ್. ಅಂಗೈಯಷ್ಟು ದೊಡ್ಡದಾದ ಕಂಪ್ಯೂಟರುಗಳೂ ಈಗ ಸಿಗುತ್ತವೆ. ಅವು 5 ವ್ಯಾಟ್ ತಿಂದರೆ ತಿಂಗಳಿಗೆ 3.6 ಯೂನಿಟ್. ಇದೇನೂ ಭಾರವಲ್ಲ. ಹಾಡುಗಳೂ ಭಾರವಲ್ಲ. ಮೂರು ನಿಮಿಷದ ಹಾಡಿಗೆ ಸುಮಾರು 3 ಎಂಬಿ, 17ಕ್ಕೆ ಸೇರಿ 50 ಎಂಬಿ.

ತೊಡಕು ಇದ್ದದ್ದು ವಿಳಾಸದಲ್ಲಿ. ನಮ್ಮಂಥ ಮನೆಗಳಿಗೆ ಬರುವ ಇಂಟರ್ನೆಟ್ ಎಷ್ಟೋ ಸಲ ವಠಾರವಿದ್ದಂತೆ. ಹತ್ತಾರು ಮನೆಗಳಿಗೆ ಸೇರಿ ಒಂದೇ ಬಾಗಿಲ ನಂಬರು. ನಾವು ಹೊರಗೆ ಹೋಗಿ ಬರಬಹುದು. ಹೊರಗಿನವರು ಹುಡುಕಿಕೊಂಡು ಬಂದರೆ ಯಾವ ಮನೆ ಎಂದು ಗೊತ್ತಾಗುವುದಿಲ್ಲ. ಸ್ವಂತ ಕಾಯಂ ನಂಬರು ಬೇಕೆಂದರೆ ಕಂಪನಿಗಳು ಸಾಮಾನ್ಯವಾಗಿ ಬೇರೆ ದುಡ್ಡು ಕೇಳುತ್ತವೆ. ಜೊತೆಗೆ ಮನೆಯ ಬಾಗಿಲು ಇಡೀ ಜಗತ್ತಿಗೆ ತೆರೆದಿಟ್ಟ ಮೇಲೆ ಅಪ್‌ಡೇಟ್ ಹಾಕುವುದನ್ನು ಒಂದು ವಾರವೂ ಮರೆಯುವಂತಿಲ್ಲ.

“ಆದ್ರೂ ಒಂದು ತಿಂಗಳು ಮಾಡಿ ನೋಡ್ತೀನ್ರಿ” ಎಂದ. ನಾನೂ ಹೂಂ ಎಂದೆ. ಮಾಡದೆ ಕಲಿಯುವುದು ಹೇಗೆ?

ಅಷ್ಟರಲ್ಲಿ ಸಂಕ್ರಾಂತಿ ಮುಗಿದ ವಾರ ಅವ್ವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ತೊದಲತೊಡಗಿತು. ಹಾಡು ನಿಂತೇ ಹೋಯಿತು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ತಂಗಿಯ ಫೋನು ಬಂತು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲಕ್ಕೆದ್ದಿದೆ, ಶುರುವೇ ಆಗುತ್ತಿಲ್ಲ ಎಂದಳು. ಪತ್ರೆಯ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಹಗಲು ರಾತ್ರಿ ಚಾರ್ಜಿಗೆ ಹಾಕಿಟ್ಟಿದ್ದರಂತೆ. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಹುದು, ಮೊದಲು ವೈರು ಕೀಳು, ಯಾರೂ ಒತ್ತಬೇಡಿ ಎಂದೆ. ಹಾಡುಗಳು ಫೋನಿನಲ್ಲಿ ಇರುತ್ತವಲ್ಲ ಎಂಬ ಧೈರ್ಯ ನನಗಿತ್ತು. ಆಗ ಹುಡುಗ ಫೋನ್ ತೆಗೆದುಕೊಂಡು ಸಣ್ಣ ದನಿಯಲ್ಲಿ ಹೇಳಿದ: “ಜಾಗಾ ಸಾಲದಕ್ಕ ಫೋನಿನ್ಯಾಗಿನೂ ಅಳಿಸೇನ್ರಿ ಮಾಮಾ.”

ವಿಜಯಪುರದ ರಿಪೇರಿ ಅಂಗಡಿಯವರು ಬ್ಯಾಟರಿ ಕಿತ್ತು, ಹಾರ್ಡ್ ಡಿಸ್ಕ್ ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದರು. 15 ಹಾಡು ಬಂದವು. ಎರಡು ತೆರೆಯಲೇ ಇಲ್ಲ. ಹುಡುಗ ಅಂಗಡಿಯಲ್ಲಿ ಒಂದು ಮಾತೂ ಆಡಲಿಲ್ಲ. ನಾನು ಬೈಯಲಿಲ್ಲ. ಎಲ್ಲಿ ಇಡಬೇಕು ಎಂದು ಅಷ್ಟು ದಿನ ವಾದ ಮಾಡಿದ್ದ ನಾನೇ ಎಷ್ಟು ಕಡೆ ಇಟ್ಟಿದ್ದೀ ಎಂದು ಕೇಳಿರಲಿಲ್ಲ.

ಹಾಗಾದರೆ ಬಾಡಿಗೆ ಜಾಗವೇ ಕ್ಷೇಮವೇ? ಅದನ್ನೂ ನಂಬಿ ಕೂರುವಂತಿಲ್ಲ. ಹಿಂದೆ ನಾವು ಗೆಳೆಯರು ನಮ್ಮ ಊರಿನ ಹಳೆಯ ಫೋಟೋಗಳ ಒಂದು ವೆಬ್‌ಸೈಟ್ ಮಾಡಿ ದುಡ್ಡು ಕಟ್ಟಿಯೇ ಇಟ್ಟಿದ್ದೆವು. ಗಡುವಿನ ಪತ್ರ ನಾನು ಬಳಸುವುದನ್ನೇ ಬಿಟ್ಟಿದ್ದ ಇಮೇಲಿಗೆ ಬಂತು. ನೋಡುವ ಹೊತ್ತಿಗೆ ಎಲ್ಲ ಅಳಿಸಿ ಹೋಗಿತ್ತು. ದೊಡ್ಡವರ ಮನೆಯ ಕತೆಯೂ ಇದೇ. ಜನ ಪುಕ್ಕಟೆಯಾಗಿ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ದೊಡ್ಡ ಹೋಸ್ಟಿಂಗ್ ಕಟ್ಟಡವೇ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಟ್ಟುಕೊಳ್ಳದಿದ್ದವರು ತಮ್ಮದನ್ನು ಕಳೆದುಕೊಂಡರು.

ಮರಳುವಾಗ ಹುಡುಗನಿಗೆ ನಮ್ಮ ಊರಿನ ಒಬ್ಬರ ಕತೆ ಹೇಳಿದೆ. ಇದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ವಚನಗಳ ತಾಳೆಗರಿ ಕೂಡಿಸಿದರು. ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಒಂದು ಮುದ್ರಣಾಲಯದಲ್ಲಿ ಅಚ್ಚಾಯಿತು. ಪ್ರತಿಯೊಂದು ಪುಸ್ತಕಕ್ಕೂ ಬೇರೆಯವರ ಯಂತ್ರವನ್ನೇ ಕಾಯುವುದು ಬೇಡವೆಂದು 1925ರಲ್ಲಿ ಇದ್ದ ಮನೆಯನ್ನೇ ಮಾರಿ ಇಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುವಾಯಿತು.

“ಅಂದ್ರ ಅವರು ಮನ್ಯಾಗ ಸರ್ವರ್ ಇಟ್ಟಂಗ!” ಎಂದ ಹುಡುಗ. ಬೆಳಗಿನಿಂದ ಅದೇ ಅವನ ಮೊದಲ ಮಾತು.

ಹೌದು. ಆದರೆ ವಚನ ಉಳಿದದ್ದು ಯಂತ್ರ ಸ್ವಂತದ್ದು ಎಂಬುದಕ್ಕಷ್ಟೇ ಅಲ್ಲ. ಒಂದು ಮನೆಯ ಮಾಡಿನಲ್ಲಿ ಗೆದ್ದಲಿಗೆ ಕಾದು ಕೂತಿದ್ದ ಒಂದೇ ಒಂದು ಗರಿಯ ಕಟ್ಟು ನೂರಾರು ಮನೆಗಳ ಪುಸ್ತಕವಾಯಿತು. ಒಣದ್ರಾಕ್ಷಿಯ ಬಾಕ್ಸು ಒಂದೋ ಮನೆಯಲ್ಲಿರುತ್ತದೆ, ಇಲ್ಲವೇ ಕೋಲ್ಡ್ ಸ್ಟೋರೇಜಿನಲ್ಲಿ. ಹಾಡು ಹಾಗಲ್ಲ, ಎರಡೂ ಕಡೆ ಇರಬಹುದು.

ಈಗ ನಾವು ಮಾಡಿರುವುದು ಇಷ್ಟು. ಜನ ಕೇಳುವ ವೆಬ್‌ಸೈಟ್ ಬಾಡಿಗೆ ಜಾಗದಲ್ಲಿದೆ. ಅದರ ಹೆಸರು ಕಂಪನಿಯದಲ್ಲ, ನನ್ನ ತಂಗಿಯ ಹೆಸರಿನಲ್ಲೇ ನೋಂದಣಿಯಾಗಿದೆ. ಹೀಗಾಗಿ ನಾಳೆ ಕಂಪನಿ ಬದಲಿಸಿದರೂ ವಿಳಾಸ ಅದೇ ಇರುತ್ತದೆ. ಗಡುವಿನ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿದೆ. ಮೂಲ ಹಾಡುಗಳ ಒಂದು ಪ್ರತಿ ತಿಕೋಟಾದಲ್ಲಿ, ಇನ್ನೊಂದು ವಿಜಯಪುರದ ನಮ್ಮ ಮನೆಯಲ್ಲಿ. ಬ್ಯಾಟರಿ ತೆಗೆದ ಹಳೆಯ ಲ್ಯಾಪ್‌ಟಾಪ್ ನೇರ ಕರೆಂಟಿನ ಮೇಲೆ ಈಗಲೂ ಮನೆಯೊಳಗಿನ ಸರ್ವರ್. ಹುಡುಗ ಅದರಲ್ಲಿ ತನಗೆ ಬೇಕಾದ್ದನ್ನೆಲ್ಲ ಕೆಡಿಸಿ ಕಲಿಯುತ್ತಾನೆ.

ಈ ವಾರ ನೀವೂ ಒಂದು ಕೆಲಸ ಮಾಡಿ. ಮನೆಯಲ್ಲಿ ಮತ್ತೆ ಸಿಗದಂಥ ಒಂದು ದನಿಯೋ ಫೋಟೋವೋ ಯಾವುದಿದೆ, ಅದು ಎಷ್ಟು ಕಡೆ ಇದೆ ಎಂದು ಎಣಿಸಿ. ಉತ್ತರ ಒಂದು ಎಂದಾದರೆ ಇಂದೇ ಎರಡು ಮಾಡಿ. ವೆಬ್‌ಸೈಟ್ ಆಮೇಲೆ ಮಾಡಬಹುದು.

ಮೊನ್ನೆ ಭಾನುವಾರ ಬಬಲೇಶ್ವರದಲ್ಲಿ ಅವ್ವನ ಮುಂದೆ ಆ 15 ಹಾಡು ಹಚ್ಚಿದೆವು. ಎಡಗೈಯಿಂದ ಹಾಸಿಗೆಯ ಮೇಲೆ ತಾಳ ಹಾಕಿದಳು. ಮುಗಿದ ಮೇಲೆ ಕಳೆದುಹೋದ ಎರಡರಲ್ಲಿ ಒಂದರ ಮೊದಲ ಸಾಲನ್ನು ತೊದಲುತ್ತಲೇ ಗುನುಗಿದಳು. ಹುಡುಗ ಫೋನು ಹಿಡಿದು ಕೂತೇ ಇದ್ದ. ಸಂಜೆ ಊರು ಬಿಡುವ ಮೊದಲೇ ಆ ಒಂದು ಸಾಲು ನನ್ನ ಫೋನಿಗೂ ಬಂದಿತ್ತು.