ಚಾಕುವಿಗೆ ಬೆರಳು ಕಾಯುವ ಗಾರ್ಡ್ ಇರಲೇಬೇಕೇ?

‘ಗಾರ್ಡ್ ಇಲ್ಲದ ಚಾಕು ಅಪಾಯಕಾರಿ, ಕೊಳ್ಳಲೇಬೇಡಿ’ ಎಂಬಂಥ ಸಲಹೆ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ನಿಮ್ಮ ಅಡುಗೆಮನೆಯ ಚಾಕುಗಳನ್ನು ನೋಡಿ. ಬಹುಶಃ ಒಂದಕ್ಕೂ ಗಾರ್ಡ್ ಇರಲಿಕ್ಕಿಲ್ಲ. ಹಾಗಾದರೆ ಇಷ್ಟು ವರ್ಷ ನಾವೆಲ್ಲ ಅಪಾಯದಲ್ಲೇ ತರಕಾರಿ ಹೆಚ್ಚುತ್ತಿದ್ದೆವೇ?

ಮಡಚಲು ಬಾರದ ಚಾಕುಗಳಲ್ಲಿ ಹಿಡಿ ಮುಗಿದು ಅಲಗು ಶುರುವಾಗುವ ಕಡೆ ಅಡ್ಡಲಾಗಿ ಲೋಹದ ಪಟ್ಟಿಯೋ ಪ್ಲಾಸ್ಟಿಕ್ ಉಬ್ಬೋ ಇದ್ದರೆ ಅದೇ ಗಾರ್ಡ್. ಕೈ ಮುಂದಕ್ಕೆ ಜಾರಿದರೆ ಬೆರಳು ಅಲಗಿನ ಮೇಲೆ ಹೋಗದಂತೆ ಅದು ತಡೆಯುತ್ತದೆ.

ಆದರೆ ಕೈ ಜಾರುವುದು ಯಾವಾಗ? ಈರುಳ್ಳಿ ಹೆಚ್ಚುವಾಗ ನಮ್ಮ ಒತ್ತಡ ಕೆಳಮುಖವಾಗಿರುತ್ತದೆ. ಕೈ ಅಲಗಿನ ಕಡೆಗೆ ಸರಿಯಲು ಅಲ್ಲಿ ಕಾರಣವಿಲ್ಲ. ಚುಚ್ಚುವಾಗ ಹಾಗಲ್ಲ. ತುದಿ ಗಟ್ಟಿ ವಸ್ತುವಿಗೆ ತಗುಲಿ ಚಾಕು ಥಟ್ಟನೆ ನಿಲ್ಲುತ್ತದೆ, ಕೈ ಮಾತ್ರ ಮುಂದೆ ಹೋಗುತ್ತದೆ. ಎಣ್ಣೆಗೈಯೋ ಒದ್ದೆಗೈಯೋ ಆಗಿದ್ದರೆ ಕೇಳುವುದೇ ಬೇಡ. ಇರಿಯುವುದಕ್ಕೂ ಬಳಸುವ ಸೈನಿಕರ ಚಾಕುಗಳಲ್ಲಿ ಗಾರ್ಡ್ ಸಾಮಾನ್ಯವಾಗಿರುವುದು, ಮಾಂಸ ಬಿಡಿಸುವ ಹಲವು ಚಾಕುಗಳ ಹಿಡಿಯ ಮುಂದೆ ಉಬ್ಬು ಇರುವುದು ಇದಕ್ಕೇ.

ಫಿನ್ಲೆಂಡಿನ ಸಾಂಪ್ರದಾಯಿಕ ಚಾಕು ‘ಪೂಕ್ಕೊ’ವನ್ನು ನೋಡಿ. ಮರ ಕೆತ್ತುವುದರಿಂದ ಹಿಡಿದು ಮೀನು ಶುಚಿ ಮಾಡುವವರೆಗೆ ಎಲ್ಲಕ್ಕೂ ಬಳಸುವ ಈ ಚಾಕುವಿಗೆ ಸಾಮಾನ್ಯವಾಗಿ ಗಾರ್ಡೇ ಇರುವುದಿಲ್ಲ. ಕೆತ್ತುವವರು ಬೆರಳನ್ನು ಅಲಗಿನ ಬುಡದವರೆಗೂ ತಂದು ಹಿಡಿಯಬೇಕು, ಗಾರ್ಡ್ ಅಲ್ಲಿ ಅಡ್ಡಿ. ಅಡುಗೆಮನೆಯಲ್ಲೂ ಅಷ್ಟೇ: ಕೆಳಕ್ಕೆ ಚಾಚಿದ ಗಾರ್ಡ್ ಹೆಚ್ಚುವ ಹಲಗೆಗೆ ತಾಗಿ, ಅಲಗು ಪೂರ್ತಿ ಕೆಳಗಿಳಿಯದಂತೆ ಮಾಡಬಹುದು.

ಹೋಟೆಲ್ ಬಾಣಸಿಗರ ಅಗಲ ಚಾಕುವಿನಲ್ಲಿ ಅಲಗಿನ ಹಿಂಬದಿಯ ಮೂಲೆ ಹಿಡಿಗಿಂತ ಕೆಳಗೆ ಇಳಿದಿರುತ್ತದೆ. ಬೆರಳು ಅದಕ್ಕೆ ತಡೆದು ನಿಲ್ಲುವುದರಿಂದ ಅದೇ ಅರ್ಧ ಗಾರ್ಡ್ ಇದ್ದಂತೆ. ನಮಗೆ ಚಿಂತೆಯಿರುವುದು ಮನೆಮನೆಯಲ್ಲಿರುವ ಪ್ಲಾಸ್ಟಿಕ್ ಹಿಡಿಯ ಸಣ್ಣ ಚಾಕುವಿನ ಬಗ್ಗೆ. ಹಿಡಿಯಷ್ಟೇ ಅಗಲದ ಅಲಗು, ನಡುವೆ ಯಾವ ತಡೆಯೂ ಇಲ್ಲ. ಹೆಚ್ಚಲು ಅದು ಸಾಕು. ಆದರೆ ನಾವು ಅದರಲ್ಲೇ ತೆಂಗಿನಕಾಯಿಯ ಕಣ್ಣು ಚುಚ್ಚುತ್ತೇವೆ, ಡಬ್ಬದ ಮುಚ್ಚಳ ಮೀಟುತ್ತೇವೆ, ಫ್ರೀಜರಿನಲ್ಲಿ ಅಂಟಿಕೊಂಡ ಮಾಂಸದ ತುಂಡು ಬಿಡಿಸುತ್ತೇವೆ. ಈ ಕೆಲಸಗಳಿಗೆ ಸ್ಕ್ರೂಡ್ರೈವರೋ ಚಮಚದ ಹಿಡಿಯೋ ಒಂದಿಷ್ಟು ನೀರೋ ಸಾಕಾಗುತ್ತದೆ. ಅಂದಹಾಗೆ, ಕಾಯಿ ಹಿಡಿದ ಇನ್ನೊಂದು ಕೈಯನ್ನು ಎಂಥ ಗಾರ್ಡೂ ಕಾಯುವುದಿಲ್ಲ.

ಹೀಗೆ ಜಾರಿದಾಗ ಅಲಗು ಕೊಯ್ಯುವುದು ಬೆರಳುಗಳ ಒಳಬದಿಯನ್ನು. ಬೆರಳು ಮಡಚುವ ಸ್ನಾಯುರಜ್ಜುಗಳು ಚರ್ಮದ ಕೆಳಗೆ ಅಲ್ಲೇ ಇವೆ. ಪೂರ್ತಿ ತುಂಡಾದರೆ ಅವುಗಳ ತುದಿಗಳು ದೂರ ಸರಿಯುತ್ತವೆ, ತಾವಾಗಿ ಕೂಡುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತಡವಾದಷ್ಟೂ ಜೋಡಿಸುವುದು ಕಷ್ಟ. ಹೊರಗಿನ ಗಾಯ ಚಿಕ್ಕದಾಗಿ ಕಂಡು, ಅರಿಶಿನ ಅಥವಾ ಕಾಫಿಪುಡಿ ಮೆತ್ತಿ ಸುಮ್ಮನಾದರೆ ಆ ಸಮಯ ಕೈತಪ್ಪುತ್ತದೆ.

ಪುಡಿ ಹಾಕಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ. ರಕ್ತ ನಿಂತ ಮೇಲೆ ಪ್ರತಿ ಬೆರಳಿನ ತುದಿಯನ್ನು ಮೆಲ್ಲಗೆ ಮಡಚಿ ನೋಡಿ. ಒಂದು ಬೆರಳು ಮಡಚದಿದ್ದರೆ ಅಥವಾ ತುದಿ ಜೋಮು ಹಿಡಿದಂತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಬೆರಳು ಮಡಚುತ್ತಾ ಕೂರದೆ ಕೂಡಲೇ ಹೊರಡಿ. ಟೆಟನಸ್ ಚುಚ್ಚುಮದ್ದು ಕೊನೆಯ ಬಾರಿ ಯಾವಾಗ ಆಯಿತು ಎಂಬುದನ್ನೂ ವೈದ್ಯರಿಗೆ ಹೇಳಿ.