ಮರ ಹಾಡೋದಿಲ್ಲ ಸ್ವಾಮಿ, ತಂತಿ ಹಾಡುತ್ತೆ!

“ನಿನ್ನ ಬೇಸ್ ಗಿಟಾರ್ ಸೌಂಡೇ ಸರಿ ಇಲ್ಲ ಮಾರಾಯ, ಒಳ್ಳೇದೊಂದು ತಗೋ.”

ಬೇಸ್ ಗಿಟಾರ್ ಕಲಿಯೋಕೆ ಹೊರಟ ಪ್ರತಿ ಹುಡುಗ, ಪ್ರತಿ ಹುಡುಗಿಯ ಕಿವಿಗೆ ಒಂದಲ್ಲ ಒಂದು ದಿನ ಬೀಳೋ ಮಾತಿದು. ಹೇಳೋರು ಯಾರು? ಅಂಗಡಿಯವನು ಹೇಳ್ತಾನೆ, ಅವನಿಗೆ ಮಾರಬೇಕು. ಬ್ಯಾಂಡಿನ ಸೀನಿಯರ್ ಹೇಳ್ತಾನೆ, ಅವನಿಗೆ ತನ್ನ ಹಳೇದನ್ನ ನಿಮ್ಮ ತಲೆಗೆ ಕಟ್ಟಬೇಕು :-) ಯೂಟ್ಯೂಬಿನಲ್ಲಿ ಯಾವನೋ ಹೇಳ್ತಾನೆ, ಅವನಿಗೆ ಕಂಪನಿಯವರು ಪುಕ್ಕಟೆ ಕೊಟ್ಟಿರ್ತಾರೆ. ಇಷ್ಟು ಜನರಲ್ಲಿ ಒಬ್ಬನಾದ್ರೂ “ತಂತಿ ಬದಲಾಯಿಸಿ ಎಷ್ಟು ದಿನ ಆಯ್ತಪ್ಪಾ?” ಅಂತ ಕೇಳಿದ್ದುಂಟಾ? ನಾನಂತೂ ನೋಡಿಲ್ಲ.

ನನ್ನ ವಾದ ಇಷ್ಟೇ. ಬೇಸ್ ಗಿಟಾರಿನ ಸೌಂಡನ್ನ ನಿರ್ಧರಿಸೋದು ಮೊದಲು ಬೆರಳು ಮತ್ತು ತಂತಿ, ಆಮೇಲೆ ಸೆಟಪ್, ಆಮೇಲೆ ಪಿಕಪ್. ಮರ, ಬಣ್ಣ, ತಲೆಯ ಮೇಲಿನ ಹೆಸರು ಇವೆಲ್ಲ ಸಾಲಿನ ಕೊನೆಯಲ್ಲಿ ನಿಂತಿರೋವು. ನಾವು ಮಾತ್ರ ಸಾಲನ್ನ ತಿರುಗಿಸಿ, ಕೊನೆಯದಕ್ಕೆ ಎಲ್ಲ ದುಡ್ಡನ್ನೂ ಸುರಿದು, ಮೊದಲನೆಯದಕ್ಕೆ ಜೇಬು ತಡವ್ತಾ ನಿಲ್ತೀವಿ.

“ಇಲ್ಲ ಇಲ್ಲ, ಮರದಲ್ಲೇ ಇರೋದು ಎಲ್ಲಾ” ಅನ್ನೋರಿಗೆ ಒಂದು ಉದಾಹರಣೆ ಕೊಡ್ತೀನಿ. ಸ್ವಲ್ಪ ತಾಳ್ಮೆಯಿಂದ ಓದಿ.

ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬ ಪುಣ್ಯಾತ್ಮ ಇದ್ದ. ಅರವತ್ತರ ದಶಕದ ಮೋಟೌನ್ ಹಾಡುಗಳಲ್ಲಿ ಕೇಳಿಸೋ ಆ ದುಂಡಗಿನ, ಮೆತ್ತಗಿನ ಬೇಸ್ ಬಹುಪಾಲು ಆತನದ್ದೇ. ಮಾರ್ವಿನ್ ಗೇ ಹಾಡಿರೋ “ವಾಟ್ಸ್ ಗೋಯಿಂಗ್ ಆನ್” ಕೇಳಿದ್ರೆ ಗೊತ್ತಾಗುತ್ತೆ. ಆತನ ಕೈಯಲ್ಲಿದ್ದದ್ದು 1962ರ ಫೆಂಡರ್ ಪ್ರಿಸಿಷನ್ ಬೇಸ್. ಹಾಕಿದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್ ತಂತಿ. ಫ್ಲಾಟ್‌ವೌಂಡ್ ಅಂದ್ರೆ ಒಳಗಿನ ಉಕ್ಕಿನ ಎಳೆಯ ಮೇಲೆ ದುಂಡು ತಂತಿಯ ಬದಲು ಚಪ್ಪಟೆ ಪಟ್ಟಿ ಸುತ್ತಿರೋದು, ಬೆರಳಿಗೆ ನುಣ್ಣಗಿರುತ್ತೆ. ಸಣ್ಣ ತಂತಿ ಇಂಚಿನ ಸಾವಿರದಲ್ಲಿ 52 ಭಾಗ, ದಪ್ಪ ತಂತಿ 110. ಆ ತಂತಿಗಳನ್ನ ಕಿತ್ತುಹೋಗೋವರೆಗೂ ಆತ ಬದಲಾಯಿಸ್ತಿರಲಿಲ್ಲ! ತಂತಿಗಳು ಫ್ರೆಟ್ಟಿನಿಂದ ಸಾಕಷ್ಟು ಎತ್ತರದಲ್ಲಿದ್ವು, ಬ್ರಿಡ್ಜಿನ ಮುಚ್ಚಳದ ಕೆಳಗೆ ಸ್ಪಂಜು ಇತ್ತು, ನುಡಿಸ್ತಿದ್ದದ್ದು ಬಲಗೈಯ ಒಂದೇ ಒಂದು ತೋರುಬೆರಳಿನಲ್ಲಿ.

ಈಗ ಇನ್ನೊಬ್ಬನನ್ನ ನೋಡಿ. ಐರನ್ ಮೇಡನ್ನಿನ ಸ್ಟೀವ್ ಹ್ಯಾರಿಸ್. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿದ್ದನ್ನ ಕೇಳಿದವರು ಈಗಲೂ ಅದರ ಕಥೆ ಹೇಳ್ತಾರೆ. ಆ ಬೇಸ್ ಸೌಂಡ್ ಹೇಗಿರುತ್ತೆ? ಕಟಕಟಕಟ ಅಂತ ಕುದುರೆ ಓಡಿದ ಹಾಗೆ, ಎರಡು ಮೂರು ಗಿಟಾರ್‌ಗಳ ಮಧ್ಯೆ ಸೀಳಿಕೊಂಡು ಬರುತ್ತೆ. ಜೇಮರ್ಸನ್‌ಗೂ ಇದಕ್ಕೂ ಅಜಗಜಾಂತರ. ಹಾಗಾದ್ರೆ ಹ್ಯಾರಿಸ್ ಕೈಯಲ್ಲಿರೋ ಗಿಟಾರ್ ಯಾವುದು? ಅದೇ ಫೆಂಡರ್ ಪ್ರಿಸಿಷನ್. ಪಿಕಪ್? ಅದೇ ಎರಡು ತುಂಡಿನ ಮಾದರಿ. ತಂತಿ? ಅದೂ ಫ್ಲಾಟ್‌ವೌಂಡೇ ಸ್ವಾಮಿ! ರೋಟೋಸೌಂಡ್ ಕಂಪನಿಯದು, 50ರಿಂದ 110. ಹೆಚ್ಚುಕಡಿಮೆ ಜೇಮರ್ಸನ್ ತಂತಿಯಷ್ಟೇ ದಪ್ಪ.

ಮತ್ತೆ ಎಲ್ಲಿ ಬಂತು ವ್ಯತ್ಯಾಸ? ಒಬ್ಬ ತಂತಿಯನ್ನ ವರ್ಷಗಟ್ಟಲೆ ಬಿಟ್ಟ, ಇನ್ನೊಬ್ಬ ಪ್ರತಿ ಕಾರ್ಯಕ್ರಮಕ್ಕೂ ಹೊಸದು ಹಾಕಿಸ್ತಾನೆ. ಒಬ್ಬನದ್ದು ಎತ್ತರದ ತಂತಿ, ಸ್ಪಂಜು, ಒಂದು ಬೆರಳು. ಇನ್ನೊಬ್ಬ ಫ್ರೆಟ್ಟಿಗೆ ತಂತಿ ಬಡಿಯೋ ಹಾಗೆ ಜೋರಾಗಿ ಹೊಡೀತಾನೆ, ಆ ಬಡಿತವೇ ಅವನ ಸೌಂಡು. ಇಬ್ಬರ ನಡುವಿನ ದೂರವನ್ನ ಮರ ತೋರಿಸಿ ವಿವರಿಸೋಕೆ ಆಗುತ್ತಾ? ನೀವೇ ಹೇಳಿ.

ಮರದ ನಂಬಿಕೆ ನಮಗೆ ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗುತ್ತೆ. ಹಲಸಿನ ಮರದ ವೀಣೆ, ಹಲಸಿನ ಮರದ ಮೃದಂಗ ಅಂತ ಕೇಳ್ಕೊಂಡು ಬೆಳೆದವರು ನಾವು. ಅಲ್ಲಿ ಅದು ನಿಜ. ವೀಣೆಯ ಕೊಡ ಟೊಳ್ಳು, ಅದರ ಮೇಲಿನ ತೆಳ್ಳಗಿನ ಹಲಗೆ ನಡುಗಿದ್ರೆ ಗಾಳಿ ನಡುಗುತ್ತೆ, ನಮ್ಮ ಕಿವಿಗೆ ಬರುತ್ತೆ. ಆದರೆ ಬೇಸ್ ಗಿಟಾರ್ ಗಟ್ಟಿ ಹಲಗೆ. ಆಂಪ್ಲಿಫೈಯರ್ ಇಲ್ಲದೆ ನುಡಿಸಿ ನೋಡಿ, ಪಕ್ಕದ ಕೋಣೆಯವರಿಗೂ ಕೇಳಲ್ಲ. 1951ರಲ್ಲಿ ಇದನ್ನ ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡ್ತಿದ್ದ ಮನುಷ್ಯ. “ಪ್ರಿಸಿಷನ್” ಅಂತ ಹೆಸರಿಟ್ಟದ್ದು ಕೂಡ ಮರ ನೋಡಿ ಅಲ್ಲ. ಫ್ರೆಟ್ ಇರೋದ್ರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತೆ ಅಂತ.

ಪಿಕಪ್ಪಿಗೆ ಮರದ ಸುದ್ದಿ ಹೇಳೋಕೆ ಹೋಗಬೇಡಿ, ಅದಕ್ಕೆ ಕಿವಿಯೇ ಇಲ್ಲ. ಅದು ಮೈಕ್ ಅಲ್ಲ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನ ಸಾವಿರಾರು ಸುತ್ತು ಸುತ್ತಿರ್ತಾರೆ. ಮೇಲೆ ಉಕ್ಕಿನ ತಂತಿ ಅಲ್ಲಾಡಿದಾಗ ಕಾಂತಕ್ಷೇತ್ರ ಏರುಪೇರಾಗುತ್ತೆ, ತಾಮ್ರದಲ್ಲಿ ವಿದ್ಯುತ್ ಹುಟ್ಟುತ್ತೆ. ಅಷ್ಟೇ. ಅದಕ್ಕೆ ಗೊತ್ತಿರೋದು ತನ್ನ ತಲೆಯ ಮೇಲೆ ತಂತಿ ಹೇಗೆ ಅಲ್ಲಾಡ್ತಿದೆ ಅನ್ನೋದು ಮಾತ್ರ.

ಅದಕ್ಕೇ ಪಿಕಪ್ ಎಲ್ಲಿದೆ ಅನ್ನೋದು ಬಹಳ ಮುಖ್ಯ. ಬಟ್ಟೆ ಒಣಗಿಸೋ ಹಗ್ಗ ನೋಡಿದ್ದೀರಲ್ಲ? ನಡುವೆ ಹಿಡಿದು ಬಿಟ್ರೆ ನಡುವೆ ದೊಡ್ಡದಾಗಿ ತೂಗುತ್ತೆ, ಮೊಳೆಗೆ ಕಟ್ಟಿದ ಜಾಗದಲ್ಲಿ ಅಲುಗಾಡೋದೇ ಇಲ್ಲ. ಬೇಸ್ ತಂತಿಯೂ ಹಾಗೇ. ತೆರೆದ ಇ ತಂತಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 41. ಆ ದೊಡ್ಡ ತೂಗಾಟ ಬ್ರಿಡ್ಜಿನ ಹತ್ತಿರ ತೀರಾ ಚಿಕ್ಕದು, ಅಲ್ಲಿ ಅದರ ಮೇಲಿನ ಸಣ್ಣ ಸಣ್ಣ ಕಂಪನಗಳದ್ದೇ ಕಾರುಬಾರು. ಹಾಗಾಗಿ ಬ್ರಿಡ್ಜಿನ ಪಿಕಪ್ಪಿನಲ್ಲಿ ಮೂಗಿನಿಂದ ಬಂದಂಥ ಚೂಪು ದನಿ, ನೆಕ್ಕಿನ ಕಡೆಯದ್ದರಲ್ಲಿ ತುಂಬು ದನಿ. ಜಾಕೋ ಪಾಸ್ಟೋರಿಯಸ್‌ನ ಆ ಹಾಡುವಂಥ ಬೇಸ್ ಇದೆಯಲ್ಲ, ಅದರ ಗುಟ್ಟು ಬಿಡಿಸಿ ನೋಡಿ: 1962ರ ಜಾಝ್ ಬೇಸ್, ಫ್ರೆಟ್ ಕಿತ್ತು ನುಣ್ಣಗೆ ಮಾಡಿದ ನೆಕ್, ದುಂಡು ಸುತ್ತಿನ ರೋಟೋಸೌಂಡ್ ತಂತಿ, ಬ್ರಿಡ್ಜಿನ ಪಿಕಪ್, ಅದರ ಹತ್ತಿರವೇ ಬಲಗೈ. ಒರಟು ತಂತಿ ಮರ ತಿನ್ನದಿರಲಿ ಅಂತ ಫಿಂಗರ್‌ಬೋರ್ಡಿಗೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದಿದ್ದ. ಅಂದ್ರೆ ತಂತಿಗೆ ಮರ ತಗುಲದ ಹಾಗೆ ಮಾಡಿದ್ದ!

ಇನ್ನು ಪಿಕಪ್ಪಿನ ಎತ್ತರ. ಒಂದು ಸ್ಕ್ರೂಡ್ರೈವರ್ ಸಾಕು, ಖರ್ಚು ಸೊನ್ನೆ. ತಂತಿಗೆ ಹತ್ತಿರ ತಂದ್ರೆ ಸೌಂಡ್ ಜೋರಾಗುತ್ತೆ, ಗಡಸಾಗುತ್ತೆ. ತೀರಾ ಹತ್ತಿರ ತಂದ್ರೆ ಅಯಸ್ಕಾಂತ ತಂತಿಯನ್ನ ಎಳೆಯೋಕೆ ಶುರುಮಾಡಿ ಸ್ವರವೇ ತೂರಾಡುತ್ತೆ. ಸ್ವಲ್ಪ ಕೆಳಗಿಳಿಸಿದ್ರೆ ಉಸಿರಾಡುತ್ತೆ. ಎಷ್ಟು ಜನ ಇದನ್ನ ಮಾಡಿ ನೋಡಿದ್ದಾರೆ? ಪಿಕಪ್ಪನ್ನೇ ಬದಲಾಯಿಸಿದವರು ಹತ್ತು ಜನ ಸಿಗ್ತಾರೆ, ಸ್ಕ್ರೂ ತಿರುಗಿಸಿದವನು ಒಬ್ಬ ಸಿಕ್ಕರೆ ಪುಣ್ಯ.

ಈಗ ನನ್ನ ಹೊಟ್ಟೆ ನಿಜವಾಗಿ ಉರಿಯೋ ವಿಷಯಕ್ಕೆ ಬರ್ತೀನಿ: ಸೆಟಪ್.

ನನಗೆ ಗೊತ್ತಿರೋ ಒಬ್ಬ ಹುಡುಗ ಇದ್ದಾನೆ, ಇಂಜಿನಿಯರಿಂಗ್ ಓದ್ತಿದ್ದ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಒಂದು ಬೇಸ್ ತಗೊಂಡ. ತಂತಿ ಎಷ್ಟು ಎತ್ತರ ಅಂದ್ರೆ ಕೆಳಗೆ ಪೆನ್ಸಿಲ್ ತೂರಿಸಬಹುದಿತ್ತು. ಮೊದಲ ಫ್ರೆಟ್ ಒತ್ತೋಕೆ ಹೆಬ್ಬೆರಳು ನೋವು, ಒತ್ತಿದ ಸ್ವರ ಶ್ರುತಿಗಿಂತ ಮೇಲೆ. ಮಾರಿದ ಅಂಗಡಿಗೆ ಹೋಗಿ ಕೇಳಿದ್ರೆ “ಬೆರಳಿಗೆ ಇನ್ನೂ ಶಕ್ತಿ ಬಂದಿಲ್ಲ, ಪ್ರಾಕ್ಟೀಸ್ ಮಾಡಿ” ಅಂದ್ರಂತೆ. ಎಂಟು ತಿಂಗಳು ಒದ್ದಾಡಿ, ತನಗೆ ಸಂಗೀತ ಹತ್ತೋದಿಲ್ಲ ಅಂತ ತೀರ್ಮಾನ ಮಾಡಿ ಗಿಟಾರನ್ನ ಮಂಚದ ಕೆಳಗೆ ತಳ್ಳಿದ್ದ. ಹೊಸ ತಂತಿ ಹಾಕಿ, ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿ, ನಟ್ಟಿನ ಗಾಡಿ ಸ್ವಲ್ಪ ಆಳ ಮಾಡಿ, ಸ್ಯಾಡಲ್ ಇಳಿಸಿ ಕೊಟ್ಟೆ. ಒಂದು ಸಂಜೆಯ ಕೆಲಸ. ನುಡಿಸಿ ನೋಡಿ ಅವನು ಕೇಳಿದ ಪ್ರಶ್ನೆ: “ಅಣ್ಣಾ, ಇದು ನನ್ನದೇ ಗಿಟಾರಾ?”

ಆ ಎಂಟು ತಿಂಗಳನ್ನ ಯಾರು ವಾಪಸ್ ಕೊಡ್ತಾರೆ? ಎಷ್ಟು ಮಂಚಗಳ ಕೆಳಗೆ ಎಷ್ಟು ಗಿಟಾರ್ ಹೀಗೆ ಮಲಗಿವೆಯೋ....

ಸೆಟಪ್ ಅಂದ್ರೆ ಮಂತ್ರವಿದ್ಯೆಯಲ್ಲ. ನಾಲ್ಕು ತಂತಿ ಸೇರಿ ನೆಕ್ಕನ್ನ ಎಳೆಯೋ ಭಾರ 75 ಕಿಲೋ ಆಸುಪಾಸು. ಅದಕ್ಕೆ ನೆಕ್ ಬಿಲ್ಲಿನ ಹಾಗೆ ಬಾಗುತ್ತೆ, ಒಳಗಿರೋ ಟ್ರಸ್ ರಾಡ್ ಅದನ್ನ ಹಿಂದಕ್ಕೆಳೆದು ಹಿಡಿಯುತ್ತೆ. ಹವೆ ಬದಲಾದ್ರೆ ನೆಕ್ಕೂ ಬದಲಾಗುತ್ತೆ. ಬೆಂಗಳೂರಿನ ಬೇಸಿಗೆಯಲ್ಲಿ ಸರಿಯಿದ್ದದ್ದು ಮಂಗಳೂರಿನ ಮಳೆಗಾಲದಲ್ಲಿ ಸರಿ ಇರಲ್ಲ. ನೋಡೋದು ಹೇಗೆ? ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡೀರಿ. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದು, ಅಂದ್ರೆ ಸುಮಾರು 0.3 ಮಿ.ಮೀ., ಇದ್ರೆ ಸರಿ. ಆಮೇಲೆ ಸ್ಯಾಡಲ್ ಎತ್ತರ. 17ನೇ ಫ್ರೆಟ್ ಮೇಲೆ ಎರಡು, ಎರಡೂವರೆ ಮಿ.ಮೀ. ಇಟ್ಟು ಶುರುಮಾಡಿ. ಕೊನೆಗೆ 12ನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ. ಮುಗೀತು. ತಂತಿಯ ದಪ್ಪ ಬದಲಿಸಿದ್ರೆ ಎಳೆತ ಬದಲಾಗುತ್ತೆ, ಹಾಗಾಗಿ ಇದನ್ನೆಲ್ಲ ಮತ್ತೊಮ್ಮೆ ನೋಡಬೇಕು. ಟ್ರಸ್ ರಾಡ್ ಮಾತ್ರ ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬೇಡಿ, ಬಲ ಪ್ರಯೋಗ ಬೇಡವೇ ಬೇಡ. ಧೈರ್ಯ ಇಲ್ಲದಿದ್ರೆ ಗೊತ್ತಿದ್ದವರ ಹತ್ತಿರ ಮಾಡಿಸಿ.

ತಮಾಷೆ ಏನು ಗೊತ್ತಾ? ಈ ಜ್ಞಾನ ನಮಗೆ ಹೊಸದೇ ಅಲ್ಲ. ವೀಣೆಯ ಮೇಳದ ಮೇಣ ಕೆಟ್ಟು ಸ್ವರ ತಪ್ಪಿದ್ರೆ ನಮ್ಮ ಅಜ್ಜಿಯರು ಹೊಸ ವೀಣೆ ತಗೊಳ್ತಿದ್ರಾ? ಮೇಳ ಕಟ್ಟಿಸ್ತಿದ್ರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನೆಳೆ ಸರಿಸಿದ್ರೆ ಸತ್ತ ದನಿಗೆ ಜೀವ ಬರುತ್ತೆ ಅಂತ ಸಂಗೀತದ ಮನೆಯ ಮಕ್ಕಳಿಗೂ ಗೊತ್ತು. ಮೃದಂಗದವರು ಕಚೇರಿಗೆ ಮುಂಚೆ ಎಡಗಡೆಗೆ ರವೆಯ ಮುದ್ದೆ ಮೆತ್ತೋದು ಯಾಕೆ? ಬೇಸ್ ಸೌಂಡಿಗಾಗಿಯೇ ಸ್ವಾಮಿ! ಮುಷ್ಟಿ ರವೆಯಲ್ಲಿ ಬೇಸ್ ಸರಿಮಾಡಿಕೊಳ್ಳೋ ಜನ ನಾವು. ವಾದ್ಯಕ್ಕೆ ಕರೆಂಟ್ ಬಂದ ಕೂಡಲೇ ಬುದ್ಧಿಯನ್ನ ಅಡವಿಟ್ಟು ಕ್ಯಾಟಲಾಗ್ ಹಿಡ್ಕೊಂಡು ಕೂತ್ಬಿಟ್ವಾ?

ಎದುರು ವಾದಗಳೂ ಇವೆ, ಇಲ್ಲ ಅನ್ನಲ್ಲ. “ಟೋನ್ ಇರೋದು ಬೆರಳಲ್ಲಿ” ಅಂತಾರೆ. ನಿಜ, ಬೆರಳನ್ನ ನಾನೂ ಮೊದಲೇ ಇಟ್ಟಿದ್ದೀನಿ. ಅದೇ ಗಿಟಾರಲ್ಲಿ ಬಲಗೈ ಬ್ರಿಡ್ಜಿನಿಂದ ನೆಕ್ಕಿನ ಕಡೆ ನಾಲ್ಕು ಬೆರಳು ಸರಿಸಿದ್ರೂ ಬೇರೆ ವಾದ್ಯ ಅನ್ನಿಸುತ್ತೆ. ಆದ್ರೆ ಒತ್ತೋಕೇ ಆಗದ ನೆಕ್ ಕೊಟ್ಟು ಬೆರಳಿನ ಉಪದೇಶ ಮಾಡೋದು ಕಾಲು ಕಟ್ಟಿ ಓಡು ಅಂದ ಹಾಗೆ. ಮರಕ್ಕೆ ಏನೂ ಪಾತ್ರ ಇಲ್ಲವಾ? ಇದೆ. ನೆಕ್ ಎಷ್ಟು ಗಟ್ಟಿ ಅನ್ನೋದರ ಮೇಲೆ ಕೆಲವು ಸ್ವರ ಬೇಗ ಸಾಯುತ್ತೆ. ಫೆಂಡರ್ ಮಾದರಿಯ ಎಷ್ಟೋ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಸುತ್ತ ಇಂಥ ಸತ್ತ ಜಾಗ ಸಿಗುತ್ತೆ, ದುಬಾರಿಯದ್ದರಲ್ಲೂ! ತೂಕ ಹೆಗಲಿಗೆ ಗೊತ್ತಾಗುತ್ತೆ. ದುಡ್ಡು ಜಾಸ್ತಿ ಕೊಟ್ಟರೆ ಫ್ರೆಟ್ ಕೆಲಸ, ಕೀಲಿಗಳು ಚೆನ್ನಾಗಿರುತ್ವೆ. ದುಡ್ಡಿದ್ದವರು ತಗೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇದೆ). ಇಲ್ಲದವನಿಗೆ “ನಿನ್ನ ಗಿಟಾರಿಂದಲೇ ನಿನಗೆ ಬರ್ತಿಲ್ಲ” ಅಂತ ಸುಳ್ಳು ಹೇಳಬೇಡಿ ಅಷ್ಟೇ.

ಹಾಗಾಗಿ ನಿಮ್ಮ ಬೇಸ್ ಸೌಂಡ್ ಇಷ್ಟ ಆಗ್ತಿಲ್ಲ ಅಂದ್ರೆ ಈ ಕ್ರಮದಲ್ಲಿ ಹೋಗಿ. ಬಲಗೈ ಜಾಗ ಬದಲಿಸಿ, ಪುಕ್ಕಟೆ. ಪಿಕಪ್ ಎತ್ತರ ಬದಲಿಸಿ, ಅದೂ ಪುಕ್ಕಟೆ. ಬ್ರಿಡ್ಜಿನ ಹತ್ತಿರ ತಂತಿಯ ಕೆಳಗೆ ಒಂದು ಸ್ಪಂಜಿನ ತುಂಡು ಇಟ್ಟು ಕೇಳಿ, ಪಾತ್ರೆ ತಿಕ್ಕೋ ಸ್ಪಂಜಾದ್ರೂ ನಡೆಯುತ್ತೆ. ತಂತಿ ಬದಲಿಸಿ: ಮಿಂಚಬೇಕಾದ್ರೆ ರೌಂಡ್‌ವೌಂಡ್, ದುಂಡಗೆ ಬೇಕಾದ್ರೆ ಫ್ಲಾಟ್‌ವೌಂಡ್. ಸೆಟಪ್ ಮಾಡಿಸಿ. ಆಮೇಲೂ ಸಮಾಧಾನ ಇಲ್ಲದಿದ್ರೆ ಪಿಕಪ್. ಅದೂ ಆದ ಮೇಲೆ, ಬೇಕಿದ್ರೆ, ಹೊಸ ಗಿಟಾರ್.

ಅಂಗಡಿಯವರಿಗೂ ಒಂದು ಮಾತು. ಸೈಕಲ್ ಅಂಗಡಿಯವನು ಕೂಡ ಬ್ರೇಕ್ ಬಿಗಿ ಮಾಡಿ, ಸೀಟು ನಮ್ಮ ಎತ್ತರಕ್ಕೆ ಇಟ್ಟು, ಗಾಳಿ ಹೊಡೆದು ಕಳಿಸ್ತಾನೆ. ಸೈಕಲ್ಲಿಗಿಂತ ಹೆಚ್ಚು ದುಡ್ಡು ತಗೊಳ್ಳೋ ನೀವು ಡಬ್ಬದಿಂದ ತೆಗೆದದ್ದನ್ನ ಹಾಗೇ ಕೈಗೆ ಕೊಡ್ತೀರಲ್ಲ, ಅರ್ಧ ಗಂಟೆ ಕೂತು ಸೆಟಪ್ ಮಾಡಿ ಕೊಡೋಕೆ ಏನು ಕಷ್ಟ? ಕೊಳ್ಳೋರು ಕೇಳಲ್ಲ, ಅದಕ್ಕೇ ಮಾಡಲ್ಲ. ಇನ್ಮೇಲೆ ಕೇಳಿ. “ಸೆಟಪ್ ಮಾಡಿ ಕೊಟ್ರೆ ಮಾತ್ರ ತಗೊಳ್ತೀನಿ” ಅಂತ ಗಟ್ಟಿಯಾಗಿ ಹೇಳಿ, ದುಡ್ಡು ಇನ್ನೂ ನಿಮ್ಮ ಜೇಬಲ್ಲಿರೋವಾಗಲೇ.

ಏನಂತೀರಿ?