ಆಗಸ್ಟಿನ ಮೋಡ, ಏಪ್ರಿಲಿನ ಆಕಾಶ

ಬಾಹ್ಯಾಕಾಶಕ್ಕೆಂದು ಒಂದು ಹಬ್ಬ ಬೇಕೇ? ಬೇಕೆಂದು ಸರ್ಕಾರ ಆಗಲೇ ತೀರ್ಮಾನಿಸಿದೆ. 2023ರ ಆಗಸ್ಟ್ 23ರಂದು ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. 2024ರಿಂದ ಆ ದಿನ ರಾಷ್ಟ್ರೀಯ ಬಾಹ್ಯಾಕಾಶ ದಿನ. ಆದರೆ ಆಗಸ್ಟಿನಲ್ಲಿ ಕರಾವಳಿಯಲ್ಲೋ ಮಲೆನಾಡಿನಲ್ಲೋ ತಲೆಯೆತ್ತಿದರೆ ಕಾಣುವುದು ಮೋಡ. ಶಾಲೆಗಳಲ್ಲಿ ರಸಪ್ರಶ್ನೆ, ಥರ್ಮೊಕೋಲಿನ ರಾಕೆಟ್ಟು, ಅತಿಥಿಗಳ ಭಾಷಣ ಎಲ್ಲ ಮುಗಿಯುತ್ತದೆ, ಆಕಾಶ ನೋಡುವ ಕೆಲಸವೊಂದು ಬಿಟ್ಟು. ಈ ಹಬ್ಬ ಬೇಸಿಗೆ ರಜೆಗೆ ಬರಬೇಕು ಎಂಬುದು ನನ್ನ ವಾದ.

ಇದಕ್ಕಾಗಿ ಇನ್ನೊಂದು ಸರ್ಕಾರಿ ರಜೆ ಬೇಡ. ಅಮೆರಿಕದಲ್ಲಿ ಅದೂ ಆಗಿದೆ. 1969ರ ಜುಲೈ 20, ಭಾನುವಾರ, ಮನುಷ್ಯ ಚಂದ್ರನ ಮೇಲೆ ಇಳಿದ. ಮರುದಿನ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರಿ ನೌಕರರಿಗೆ ರಜೆ ಕೊಟ್ಟರು. ಅಲ್ಲಿಗೆ ಮುಗಿಯಿತು, ಜುಲೈ 20 ಕಾಯಂ ರಜೆಯಾಗಲೇ ಇಲ್ಲ. ರಜೆ ಘೋಷಿಸಿದರೆ ಜನ ಟಿವಿ ಮುಂದೆ ಕೂರುತ್ತಾರೆ, ಅಷ್ಟೆ. ಮಕ್ಕಳಿಗೆ ಬೇಕಾದದ್ದು ಕತ್ತಲಾದ ಮೇಲೂ ಹೊರಗಿರಲು ಅನುಮತಿ, ಮರುದಿನ ಬೆಳಗ್ಗೆ ಶಾಲೆಯಿಲ್ಲವೆಂಬ ನಿಶ್ಚಿಂತೆ. ಅವೆರಡೂ ಸಿಗುವುದು ಏಪ್ರಿಲ್–ಮೇ ತಿಂಗಳಲ್ಲಿ.

ಇತಿಹಾಸಕ್ಕೆ ದ್ರೋಹವಾಗುತ್ತದೆ ಎನ್ನುವವರು ಏಪ್ರಿಲನ್ನೊಮ್ಮೆ ತಿರುವಿ ನೋಡಲಿ. ಗಗಾರಿನ್ ಹಾರಿದ್ದು 1961ರ ಏಪ್ರಿಲ್ 12ರಂದು, ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು. ಕನ್ನಡನಾಡಿಗೆ ಇನ್ನೂ ಹತ್ತಿರದ್ದು 1975ರ ಏಪ್ರಿಲ್ 19. ಅಂದು ಸೋವಿಯತ್ ರಾಕೆಟ್ಟೇರಿದ, 360 ಕೆ.ಜಿ. ತೂಕದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಆ ತಂಡದ ಯಜಮಾನಿಕೆ ಉಡುಪಿ ಕಡೆಯ ಯು. ಆರ್. ರಾವ್ ಅವರದ್ದು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಅದರ ಪ್ರಯೋಗಗಳು ನಿಂತವು. ಆದರೂ ಎರಡು ರೂಪಾಯಿಯ ನೋಟಿನ ಮೇಲೆ ಆರ್ಯಭಟದ ಚಿತ್ರ ಬಂತು. ಅರ್ಧ ಕೆಟ್ಟುಹೋದ ಯಂತ್ರವನ್ನೂ ಮೆಚ್ಚಿದ ಆ ಕಾಲದ ದೊಡ್ಡತನ ನನಗೆ ಇಂದಿನ ವಿಜಯೋತ್ಸವಗಳಿಗಿಂತ ಇಷ್ಟ. 2019ರಲ್ಲಿ ಚಂದ್ರಯಾನ–2ರ ಲ್ಯಾಂಡರ್ ಅಪ್ಪಳಿಸಿತ್ತು. ಮುಂದಿನದರ ಕಾಲುಗಳು ಗಟ್ಟಿಯಾದದ್ದು ಆ ಏಟಿನಿಂದಲೇ. ವೇದಿಕೆಯ ಮೇಲಿನ ಐದು ನಿಮಿಷದಲ್ಲಿ ಇದನ್ನೆಲ್ಲ ಹೇಳಲಾಗದು.

ಅಷ್ಟಕ್ಕೂ ಆಗಸ್ಟ್ 23 ನಾವು ಆರಿಸಿದ ಮುಹೂರ್ತವಲ್ಲ. ಲ್ಯಾಂಡರ್ ನಡೆಯುವುದು ಬಿಸಿಲಿನ ಬಲದಿಂದ. ಇಳಿಯುವ ಜಾಗದಲ್ಲಿ ಸೂರ್ಯ ಹುಟ್ಟಿದರೆ ನಮ್ಮ ಲೆಕ್ಕದ ಸುಮಾರು 14 ದಿನ ಹಗಲು. ಆ ಹೊತ್ತನ್ನು ನೋಡಿ ಇಳಿಸಿದರು. ಯುಗಾದಿ, ಸಂಕ್ರಾಂತಿಗಳನ್ನು ಆಕಾಶ ನೋಡಿಯೇ ಗೊತ್ತುಮಾಡುವ ನಮಗೆ ಇದು ಹೊಸದೇನಲ್ಲ.

ಬೇಸಿಗೆಯ ಹಬ್ಬವೆಂದರೆ ಶಿಬಿರಗಳೇ, ಅವುಗಳ ಶುಲ್ಕ ಎಲ್ಲರಿಗೂ ಎಟುಕದು ಎಂಬ ಆಕ್ಷೇಪ ನ್ಯಾಯವಾದದ್ದು. ಇಸ್ರೋದ 'ಯುವಿಕಾ' ಕಾರ್ಯಕ್ರಮ ಒಂಬತ್ತನೇ ತರಗತಿಯ ಮಕ್ಕಳನ್ನು ರಜೆಯಲ್ಲೇ ಕರೆಸಿಕೊಳ್ಳುತ್ತದೆ, ಆದರೆ ಅಲ್ಲಿನ ಜಾಗ ಕೆಲವರಿಗಷ್ಟೇ. ಮಿಕ್ಕವರಿಗೆ ಒಂದು ಕೋಲು ಸಾಕು. ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಾಲಡಿ ಮಾಯವಾಗುವ ಶೂನ್ಯ ನೆರಳಿನ ದಿನ ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ ಬರುತ್ತದೆ. ಅದಕ್ಕೂ ತುಸು ಮೊದಲು ಚಾಮರಾಜನಗರ ದಾಟಿರುತ್ತದೆ; ಬೀದರ್ ಮುಟ್ಟುವಾಗ ಮೇ ಎರಡನೇ ವಾರ. ಕರ್ನಾಟಕದ ಉದ್ದಕ್ಕೂ ಈ ದಿನ ರಜೆಯಲ್ಲೇ ನಡೆದುಹೋಗುತ್ತದೆ. ಮೇ 1ರ ಸುಮಾರಿಗೆ ಮೈಸೂರಿನಲ್ಲೊಬ್ಬಳು, ಬೀದರಿನ ಅಜ್ಜಿಮನೆಗೆ ಹೋದ ಅವಳ ಗೆಳತಿಯೊಬ್ಬಳು ಒಂದೊಂದು ಮೀಟರಿನ ಕೋಲು ನೆಟ್ಟರೆ, ಎರಡೂ ಕಡೆ ನೆರಳು 5 ಸೆಂಟಿಮೀಟರ್ ಆಸುಪಾಸು. ಮೈಸೂರಿನದು ದಕ್ಷಿಣಕ್ಕೆ ಬಿದ್ದರೆ ಬೀದರಿನದು ಉತ್ತರಕ್ಕೆ. ಇಬ್ಬರೂ ಫೋನಿನಲ್ಲಿ ಕೋನಗಳನ್ನು ಕೂಡಿಸಿ, ಊರುಗಳ ನಡುವಿನ ನೇರ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಭೂಮಿಯ ಸುತ್ತಳತೆ ಹೆಚ್ಚುಕಡಿಮೆ ಸಿಗುತ್ತದೆ. ಗಡಿಯಾರದ ಹನ್ನೆರಡನ್ನು ನಂಬಬಾರದು. ನೆರಳು ಅತಿ ಗಿಡ್ಡವಾಗುವುದು ಹನ್ನೆರಡೂಕಾಲು ದಾಟಿದ ಮೇಲೆ. ಮಟಮಟ ಮಧ್ಯಾಹ್ನ ಮಕ್ಕಳನ್ನು ಬಿಸಿಲಿಗೆ ಬಿಡುವುದುಂಟೇ ಎಂದು ಅಜ್ಜಿಯರು ಗದರುತ್ತಾರೆ, ಅದು ಖಂಡಿತ. ಹತ್ತು ನಿಮಿಷದ ಕೆಲಸ. ತಲೆಗೊಂದು ಟವೆಲ್ ಸುತ್ತಿ ಕಳಿಸಬಹುದು.